ರಕ್ತದ ರಿಪೋರ್ಟ್ ಚೆನ್ನಾಗಿದೆ, ಬೆರಳಿನ ಬಾವು ಯಾಕೆ ಇಳಿದಿಲ್ಲ?

ಪ್ರಶ್ನೆ: ನಮ್ಮವ್ವನಿಗೆ 52 ವರ್ಷ. ಎರಡು ವರ್ಷದಿಂದ ರುಮಟಾಯ್ಡ್ ಆರ್ಥ್ರೈಟಿಸ್ (ಕೀಲುಗಳು ಊದಿ ನೋಯುವ ಕಾಯಿಲೆ) ಇದೆ. ಅದಕ್ಕೆ ಮೆಥೊಟ್ರೆಕ್ಸೇಟ್ ಮಾತ್ರೆ ತಗೋತಾಳೆ. ರಕ್ತದ ರಿಪೋರ್ಟ್ ಈಗ ಚೆನ್ನಾಗಿದೆ. ಆದರೆ ಬಲಗೈಯ ಎರಡು ಬೆರಳಿನ ಬುಡದಲ್ಲಿ ಬಾವು ಹಾಗೇ ಇದೆ, ಬೆಳಿಗ್ಗೆ ರೊಟ್ಟಿ ಬಡಿಯೋಕೆ ಆಗಲ್ಲ. ಕೀಲಿನೊಳಗಿನ ಜೀವಕೋಶಗಳೇ ಕಾರಣ ಅಂತ ಓದಿದೆ. ಅದಕ್ಕೆ ಮಾತ್ರೆ ಇದೆಯಾ?
– ಓದುಗರೊಬ್ಬರು, ಕಾರಟಗಿ, ಕೊಪ್ಪಳ ಜಿಲ್ಲೆ

ಉತ್ತರ: ನೀವು ಓದಿದ್ದು ಸುಳ್ಳಲ್ಲ. ಈ ಕಾಯಿಲೆಯಲ್ಲಿ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ನಮ್ಮದೇ ಕೀಲಿನ ಮೇಲೆ ಬೀಳುತ್ತದೆ ಅಂತ ನಾವು ಡಾಕ್ಟರುಗಳು ಹೇಳಿ ಹೇಳಿ, ಕೀಲಿನ ಪಾಲು ಮರೆತೇಹೋಗಿದೆ.

ಕೀಲಿನ ಒಳಗೆ ತೆಳ್ಳನೆಯ ಪೊರೆ ಇದೆ. ಅದರ ಮೇಲ್ಪದರ ಒಂದೆರಡು ಜೀವಕೋಶದಷ್ಟೇ ದಪ್ಪ. ಅಲ್ಲಿನ ಫೈಬ್ರೊಬ್ಲಾಸ್ಟ್ ಎಂಬ ಕೋಶಗಳು ಕೀಲು ಸಲೀಸಾಗಿ ಆಡಲು ಜಾರುವ ದ್ರವ ಕೊಡುತ್ತವೆ, ಬಂಡಿಗೆ ಕೀಲೆಣ್ಣೆ ಇದ್ದಹಾಗೆ. ಈ ಕಾಯಿಲೆಯಲ್ಲಿ ಅದೇ ಪದರ ಹತ್ತು ಕೋಶದಷ್ಟು ದಪ್ಪವಾಗಬಹುದು. ಕೋಶಗಳು ಮೃದ್ವಸ್ಥಿಯನ್ನು (ಮೂಳೆಯ ತುದಿಗಿರುವ ನುಣುಪಾದ ಹೊದಿಕೆ) ಕರಗಿಸುವ ಕಿಣ್ವ ಸುರಿಸುತ್ತವೆ, ಮೂಳೆ ಕೊರೆಯುವ ಕೋಶಗಳನ್ನೂ ಎಬ್ಬಿಸುತ್ತವೆ.

ಇವುಗಳ ಹಟ ನೋಡಿ. ರೋಗಿಗಳ ಕೀಲಿನಿಂದ ತೆಗೆದ ಈ ಕೋಶಗಳನ್ನು, ರೋಗನಿರೋಧಕ ಶಕ್ತಿಯೇ ಇಲ್ಲದ ಇಲಿಗಳಲ್ಲಿ ಮೃದ್ವಸ್ಥಿಯ ತುಣುಕಿನ ಜೊತೆ ಇಟ್ಟರು. ಅಲ್ಲೂ ಆ ತುಣುಕನ್ನು ತಿಂದವು! 2009ರ ಒಂದು ಅಧ್ಯಯನದಲ್ಲಂತೂ ಇಲಿಯ ಒಂದು ಪಕ್ಕದಲ್ಲಿಟ್ಟ ಕೋಶಗಳು ಇನ್ನೊಂದು ಪಕ್ಕದ ತುಣುಕಿಗೂ ಹೋಗಿ ಸೇರಿದವು.

ಮೆಥೊಟ್ರೆಕ್ಸೇಟ್, ಬಯಾಲಜಿಕ್ ಇಂಜೆಕ್ಷನ್, ಜ್ಯಾಕ್ ಮಾತ್ರೆ, ಈ ಕಾಯಿಲೆಗೆ ಕೊಡುವ ಇವೆಲ್ಲ ಔಷಧಿಗಳು ಮುಖ್ಯವಾಗಿ ರೋಗನಿರೋಧಕ ಕೋಶಗಳ ಗದ್ದಲ ತಗ್ಗಿಸುತ್ತವೆ. ಗದ್ದಲ ತಗ್ಗಿದರೆ ಪೊರೆಯೂ ಎಷ್ಟೋ ಸುಮ್ಮನಾಗುತ್ತದೆ, ಆದರೆ ಎಲ್ಲರಲ್ಲೂ ಪೂರ್ತಿ ಅಲ್ಲ. ಪೊರೆಯ ಫೈಬ್ರೊಬ್ಲಾಸ್ಟ್ ಕೋಶಗಳಿಗೇ ಗುರಿಯಿಟ್ಟ ಔಷಧಿ ಅಂಗಡಿಗೆ ಇನ್ನೂ ಬಂದಿಲ್ಲ. ಕೋಶಗಳನ್ನು ಒಂದಕ್ಕೊಂದು ಅಂಟಿಸುವ ಕ್ಯಾಡ್ಹೆರಿನ್-11 ಎಂಬ ಪ್ರೋಟೀನನ್ನು ತಡೆಯುವ ಔಷಧಿ ಇಲಿಗಳಲ್ಲಿ ಆಸೆ ಹುಟ್ಟಿಸಿತ್ತು, ಮನುಷ್ಯರಲ್ಲಿ ಫಲ ಕೊಡಲಿಲ್ಲ.

ಈಗ ನಿಮ್ಮವ್ವನ ಬೆರಳು. ಬಾವಿನ ಮೇಲೆ ಹೆಬ್ಬೆರಳಿಂದ ಮೆಲ್ಲಗೆ ಒತ್ತಿ. ನೆನೆದ ಹಿಟ್ಟಿನಂತೆ ಮೆತ್ತಗಿದ್ದು ನೋವೂ ಇದ್ದರೆ ಪೊರೆ ಇನ್ನೂ ಊದಿರಬಹುದು, ಕಲ್ಲಿನಂತೆ ಗಟ್ಟಿಯಿದ್ದರೆ ಬೇರೆ ಕಾರಣ ಹುಡುಕಬೇಕು. ಸಿಆರ್‌ಪಿ (ಮೈಯೊಳಗಿನ ಉರಿಯೂತ ಅಳೆಯುವ ರಕ್ತಪರೀಕ್ಷೆ) ನಾರ್ಮಲ್ ಬಂದರೂ ಒಂದೆರಡು ಕೀಲಿನಲ್ಲಿ ಉರಿಯೂತ ಉಳಿದಿರಬಹುದು. ಕೀಲಿನ ಅಲ್ಟ್ರಾಸೌಂಡ್‌ನಲ್ಲಿ ಅದು ಕಾಣುತ್ತದೆ. ಉಳಿದಿದ್ದರೆ ಡೋಸ್ ಬದಲಿಸಬಹುದು, ಇನ್ನೊಂದು ಔಷಧಿ ಸೇರಿಸಬಹುದು.

ರಿಪೋರ್ಟ್ ಚೆನ್ನಾಗಿದೆ ಅಂತ ಸುಮ್ನೆ ಮಾತ್ರೆ ಬಿಡಿಸಬೇಡಿ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಅಪಾಯ, ವಾರದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಎದ್ದ ಮೇಲೆ ಬೆರಳು ಸಡಿಲಾಗಲು ಎಷ್ಟು ನಿಮಿಷ ಹಿಡಿಯಿತು ಅಂತಲೂ ಅಲ್ಲೇ ಬರೆದಿಡಿ. ಮುಂದಿನ ಸಲ ಡಾಕ್ಟರು ಮೊದಲು ಕೇಳುವುದು ಅದನ್ನೇ.