‘ಕರೆಂಟ್’ ಚಿಕಿತ್ಸೆ ಪಡೆಯುತ್ತಿರುವ ಅಜ್ಜಿಯ ಪಕ್ಕ ಮಗು ಮಲಗಬಹುದೇ?

ಪ್ರಶ್ನೆ: ನನ್ನ ತಾಯಿಗೆ 58 ವರ್ಷ. ಗರ್ಭಕೋಶದ ಕೊರಳಿನ ಕ್ಯಾನ್ಸರ್‌ಗೆ 25 ಸಲ ‘ಕರೆಂಟ್’ ಇಡಬೇಕು, ಬಳಿಕ ಒಳಗಿನಿಂದಲೂ ವಿಕಿರಣ ಕೊಡಬೇಕು ಎಂದು ವೈದ್ಯರು ಹೇಳಿದ್ದಾರೆ. ಹತ್ತು ಸಲ ಆಗಿದೆ. ಅವರ ಮೈಯಿಂದ ವಿಕಿರಣ ಸೂಸುತ್ತದೆ, ಮಗುವನ್ನು ಹತ್ತಿರ ಬಿಡಬೇಡಿ ಎಂದು ನೆಂಟರು ಹೇಳಿದ ಮೇಲೆ ಅಮ್ಮ ತಟ್ಟೆ ಲೋಟ ಬೇರೆ ಮಾಡಿಕೊಂಡು ಒಂದು ಕೋಣೆಯಲ್ಲೇ ಇರುತ್ತಾರೆ. ಈಗ ಚಿಕಿತ್ಸೆಯೇ ಬೇಡ ಎನ್ನುತ್ತಿದ್ದಾರೆ.
– ಓದುಗರೊಬ್ಬರು, ಹಾವೇರಿ

ಉತ್ತರ: ನಿಮ್ಮ ತಾಯಿಯವರನ್ನು ಇಂದೇ ಆ ಕೋಣೆಯಿಂದ ಹೊರಗೆ ಕರೆತನ್ನಿ. ಮೊಮ್ಮಗು ಅವರ ತೊಡೆಯ ಮೇಲೆ ಕೂರಲಿ, ಪಕ್ಕದಲ್ಲೇ ಮಲಗಲಿ. ಜನ ‘ಕರೆಂಟ್’ ಎನ್ನುವ ಈ ಚಿಕಿತ್ಸೆಯಲ್ಲಿ ಮೈಗೆ ವಿದ್ಯುತ್ ಹರಿಸುವುದಿಲ್ಲ. ಲೀನಿಯರ್ ಆಕ್ಸಿಲರೇಟರ್ ಅಥವಾ ಕೋಬಾಲ್ಟ್ ಯಂತ್ರದಿಂದ ಬರುವ ಕಿರಣಗಳು ಗಡ್ಡೆಯ ಜೀವಕೋಶಗಳ ಡಿಎನ್‌ಎಯನ್ನು ಮುರಿಯುತ್ತವೆ. ದೀಪ ಆರಿಸಿದ ಮೇಲೆ ಗೋಡೆಯಲ್ಲಿ ಬೆಳಕು ಉಳಿಯದ ಹಾಗೆ, ಯಂತ್ರ ನಿಂತ ಮೇಲೆ ಮೈಯಲ್ಲಿ ಕಿರಣ ಉಳಿಯುವುದಿಲ್ಲ. ಒಳಗಿನಿಂದ ಕೊಡುವ ಬ್ರಾಕಿಥೆರಪಿಯಲ್ಲಿಯೂ, ಸಾಮಾನ್ಯವಾಗಿ ಇರಿಡಿಯಂ-192 ಎಂಬ ವಿಕಿರಣಶೀಲ ಲೋಹದ ಪುಟ್ಟ ತುಣುಕೊಂದು ತಂತಿಯ ತುದಿಯಲ್ಲಿ ಗಡ್ಡೆಯ ಬಳಿ ಹೋಗಿ, ಕೆಲವು ನಿಮಿಷ ಇದ್ದು, ಯಂತ್ರದೊಳಕ್ಕೆ ಮರಳುತ್ತದೆ.

ನಿಮ್ಮ ನೆಂಟರ ಮಾತಿಗೆ ಮೂಲವೇ ಇಲ್ಲವೆಂದಲ್ಲ. ಥೈರಾಯ್ಡ್ ಕ್ಯಾನ್ಸರ್‌ಗೆ ವಿಕಿರಣಶೀಲ ಅಯೋಡಿನ್-131 ಅನ್ನು ನುಂಗಿಸುತ್ತಾರೆ. ಅದು ಮೈಯೊಳಗೇ ಇದ್ದು, ಮೂತ್ರ, ಬೆವರು, ಎಂಜಲಿನಲ್ಲಿ ಹೊರಬರುವುದರಿಂದ, ಆ ರೋಗಿಗಳು ಕೆಲವು ದಿನ ಮಕ್ಕಳಿಂದಲೂ ಗರ್ಭಿಣಿಯರಿಂದಲೂ ದೂರವಿರಬೇಕಾಗುತ್ತದೆ. ಆ ನಿಯಮವನ್ನು ನಿಮ್ಮ ತಾಯಿಯ ಮೇಲೆ ಹೇರುವುದು ತಪ್ಪು, ಕ್ರೂರವೂ ಹೌದು.

ಹಾಗೆಂದು ಈ ಚಿಕಿತ್ಸೆ ನಿರಪಾಯಕಾರಿಯಲ್ಲ. 25 ಸಲದಲ್ಲಿ ಸಾಮಾನ್ಯವಾಗಿ 45ರಿಂದ 50 ಗ್ರೇ (ಮೈ ಹೀರಿಕೊಳ್ಳುವ ವಿಕಿರಣದ ಅಳತೆ) ಪ್ರಮಾಣದ ವಿಕಿರಣ ಕೊಡುತ್ತಾರೆ. ಅಷ್ಟನ್ನೂ ಒಮ್ಮೆಗೇ ಕೊಡದೆ ದಿನಕ್ಕಿಷ್ಟೆಂದು ಹಂಚುವುದು, ಸುತ್ತಲಿನ ಆರೋಗ್ಯವಂತ ಜೀವಕೋಶಗಳು ನಡುವಿನ ಅವಧಿಯಲ್ಲಿ ದುರಸ್ತಿಯಾಗಲಿ ಎಂಬ ಕಾರಣಕ್ಕೆ. ಸುಸ್ತು, ಭೇದಿ, ಉರಿಮೂತ್ರ ಬರಬಹುದು. ತಿಂಗಳುಗಳ ಬಳಿಕ ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ಮನೆಮದ್ದು ಮಾಡದೆ, ಚಿಕಿತ್ಸೆ ಕೊಟ್ಟ ವೈದ್ಯರಿಗೇ ತೋರಿಸಿ. ಆದರೆ ಇವೆಲ್ಲಕ್ಕಿಂತ ನನಗೆ ಭಯವಾಗುವುದು ಚಿಕಿತ್ಸೆ ನಡುವೆ ನಿಲ್ಲುವುದರ ಬಗ್ಗೆ: ಹೊರಗಿನದು, ಒಳಗಿನದು ಎರಡೂ ಸೇರಿ ಸುಮಾರು 8 ವಾರದೊಳಗೆ ಮುಗಿಯಬೇಕು, ಅದಕ್ಕಿಂತ ಎಳೆದಷ್ಟೂ ಗಡ್ಡೆ ಹತೋಟಿಗೆ ಬರುವ ಸಾಧ್ಯತೆ ಕುಗ್ಗುತ್ತದೆ. ದಯವಿಟ್ಟು ಹನ್ನೊಂದನೆಯ ಸಲಕ್ಕೆ ನಾಳೆಯೇ ಕರೆದೊಯ್ಯಿರಿ.

ಪ್ರಶ್ನೆ: ಎಂಟು ವರ್ಷದ ಮಗನಿಗೆ ಪದೇ ಪದೇ ಹೊಟ್ಟೆನೋವು. ಹೋದ ವರ್ಷ ಸಿ.ಟಿ. ಸ್ಕ್ಯಾನ್ ಆಗಿತ್ತು. ಈಗ ಬೇರೊಂದು ಆಸ್ಪತ್ರೆಯಲ್ಲಿ ಮತ್ತೆ ಕೇಳುತ್ತಿದ್ದಾರೆ. ಮಾಡಿಸಬಹುದೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಮಣ್ಣು, ಗಾಳಿ, ಆಕಾಶ, ಆಹಾರದಿಂದಲೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ವಿಕಿರಣದಿಂದ ದೇಹಕ್ಕಾಗುವ ಪರಿಣಾಮದ ಅಳತೆ) ವಿಕಿರಣ ತಗಲುತ್ತದೆ. ಎದೆಯ ಒಂದು ಎಕ್ಸ್-ರೇಯಲ್ಲಿ ಸಿಗುವುದು 0.1ಕ್ಕಿಂತ ಹೆಚ್ಚಲ್ಲ, ದೊಡ್ಡವರ ಹೊಟ್ಟೆಯ ಸಿ.ಟಿ.ಯಲ್ಲಿ 8ರಿಂದ 10ರಷ್ಟು. ಒಂದೆರಡು ಸಿ.ಟಿ.ಯಿಂದ ಮುಂದೆ ಕ್ಯಾನ್ಸರ್ ಬರುವ ಸಂಭವ ಬಹಳ ಕಡಿಮೆ. ಆದರೂ ಬೆಳೆಯುವ ದೇಹಕ್ಕೆ, ಇನ್ನೂ ಬಹಳ ವರ್ಷ ಬಾಳಬೇಕಾದ ಜೀವಕ್ಕೆ, ಅದು ದೊಡ್ಡವರಿಗಿಂತ ಹೆಚ್ಚು. ಆದ್ದರಿಂದ ಈ ಸ್ಕ್ಯಾನಿನ ಫಲಿತಾಂಶದಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ, ಇಂಥ ವಿಕಿರಣವೇ ಇಲ್ಲದ ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ. ಸಾಲದೇ ಎಂದು ಸಂಕೋಚಪಡದೆ ಕೇಳಿ. ಹಳೆಯ ಸ್ಕ್ಯಾನಿನ ಸಿ.ಡಿ.ಯನ್ನೂ ವರದಿಯನ್ನೂ ಮರೆಯದೆ ಒಯ್ಯಿರಿ. ಅವನ್ನೆಲ್ಲ ನೋಡಿದ ಮೇಲೂ ಬೇಕೇ ಬೇಕೆಂದರೆ, ಮಗುವಿನ ತೂಕಕ್ಕೆ ತಕ್ಕಂತೆ ಪ್ರಮಾಣ ಇಳಿಸಿ ಮಾಡುವಂತೆ ಹೇಳಿ ಮಾಡಿಸಿ. ತೀವ್ರ ನೋವಿನೊಡನೆ ಜ್ವರ, ವಾಂತಿ ಇದ್ದು, ವೈದ್ಯರು ತುರ್ತೆಂದು ಸಿ.ಟಿ. ಕೇಳಿದರೆ ಮಾತ್ರ ತಡಮಾಡಬೇಡಿ.