ಅಮೆರಿಕದಿಂದ ಜರ್ಮನಿಗೆ ಬಂದಿಳಿದ ತಂಗಿಗೆ

ತಂಗೀ,

ನಿನ್ನ ಪತ್ರ ಎರಡು ಸಲ ಓದಿದೆ. ನ್ಯೂಜೆರ್ಸಿಯಲ್ಲೇ ಹುಟ್ಟಿ ಬೆಳೆದವಳು, ಗಂಡನ ಕೆಲಸಕ್ಕೆ ಅಂತ ಸ್ಟುಟ್‌ಗಾರ್ಟ್‌ಗೆ ಬಂದಿದ್ದೀಯ. ಮಗಳು ಸೆಪ್ಟೆಂಬರ್‌ಗೆ ಒಂದನೇ ತರಗತಿಗೆ ಹೋಗಬೇಕು. ಭಾನುವಾರ ಮಧ್ಯಾಹ್ನ ಖಾಲಿ ಗಾಜಿನ ಬಾಟಲಿಗಳನ್ನು ರಸ್ತೆಬದಿಯ ಡಬ್ಬಕ್ಕೆ ಹಾಕಲು ಹೋದಾಗ ಕೆಳಗಿನ ಮನೆಯಾಕೆ ಎಲ್ಲರ ಎದುರಿಗೆ ಗದರಿದರು, ಮನೆಗೆ ಬಂದು ಅತ್ತುಬಿಟ್ಟೆ ಅಂತ ಬರೆದಿದ್ದೀಯ. ಇಲ್ಲಿಯ ಜನ ಯಾಕೆ ಹೀಗೆ, ಇದೆಲ್ಲ ಅಭ್ಯಾಸ ಆಗುತ್ತಾ, ವಾಪಸ್ ಹೋಗಿಬಿಡೋದೇ ವಾಸಿಯಾ ಅಂತ ಕೇಳಿದ್ದೀಯ.

ನಾನು ಮೈಸೂರಿನವಳು. ಮಿಶಿಗನ್‌ನಲ್ಲಿ ಬಹಳ ವರ್ಷ ಇದ್ದು, ಮಕ್ಕಳನ್ನು ಹೆತ್ತು, ಅಲ್ಲಿಯ ಪೌರತ್ವ ತಗೊಂಡು, ಆಮೇಲೆ ಇಲ್ಲಿಗೆ ಬಂದೆ. ಮೈಸೂರಿಂದ ಅಮೆರಿಕಕ್ಕೆ ಹೊರಟಾಗ ಮನಸ್ಸು ಸಿದ್ಧವಾಗಿತ್ತು. ಎಲ್ಲವೂ ಬೇರೆ ಇರುತ್ತೆ ಅಂತ ಊರೆಲ್ಲ ಹೇಳಿ ಕಳಿಸಿತ್ತು. ಅಮೆರಿಕದಿಂದ ಜರ್ಮನಿಗೆ ಬರೋರಿಗೆ ಮಾತ್ರ ಯಾರೂ ಏನೂ ಹೇಳಿ ಕಳಿಸೋದಿಲ್ಲ. ಅದೂ ಶ್ರೀಮಂತ ದೇಶ, ಇದೂ ಶ್ರೀಮಂತ ದೇಶ, ಕಾರು ರಸ್ತೆಯ ಬಲಕ್ಕೇ ಓಡುತ್ತೆ, ಇನ್ನೇನು ವ್ಯತ್ಯಾಸ ಅಂದುಕೊಂಡೇ ಬರ್ತೀವಿ. ಅದಕ್ಕೇ ಪೆಟ್ಟು ಇಷ್ಟು ಜೋರಾಗಿ ತಗಲೋದು.

ಬಾಟಲಿ ವಿಷಯ ಮೊದಲು ಮುಗಿಸಿಬಿಡೋಣ. ಭಾನುವಾರದ ವಿರಾಮಕ್ಕೆ ಇಲ್ಲಿ ಸಂವಿಧಾನದ್ದೇ ರಕ್ಷಣೆ ಇದೆ. 1919ರ ವೈಮಾರ್ ಸಂವಿಧಾನದ ಆ ವಿಧಿಯನ್ನು 1949ರ ಸಂವಿಧಾನಕ್ಕೂ ಹಾಗೇ ತಂದುಕೊಂಡರು. ಅಂಗಡಿ ಮುಚ್ಚೋದು, ಗಾಜು ಒಡೆಯುವ ಸದ್ದು ಕೂಡದು ಅನ್ನೋದು ಎಲ್ಲ ಆ ಮನಸ್ಸಿನಿಂದಲೇ ಬಂದಿದ್ದು. ಆಕೆ ಗದರಿದ್ದರಲ್ಲಿ ನಿನ್ನ ಮೇಲಿನ ದ್ವೇಷ ಇಲ್ಲ. ಬಾಟಲಿ ಹಾಕೋಕೆ ಬಂದವರು ಜರ್ಮನ್ನರೇ ಆಗಿದ್ದರೂ ಅಷ್ಟೇ ಗಟ್ಟಿಯಾಗಿ ಹೇಳಿರೋರು. ಅಮೆರಿಕದಲ್ಲಿ ಅಕ್ಕಪಕ್ಕದವರು ಎದುರಿಗೆ ನಗ್ತಾರೆ, ದೂರು ಇದ್ದರೆ ಕಾಲನಿ ಸಂಘದಿಂದ ಕಾಗದ ಬರುತ್ತೆ. ಇಲ್ಲಿ ಮುಖಕ್ಕೇ ಹೇಳ್ತಾರೆ, ಮಾರನೇ ದಿನ ಮೆಟ್ಟಿಲ ಮೇಲೆ ಸಿಕ್ಕಾಗ ನಮಸ್ಕಾರವನ್ನೂ ಹೇಳ್ತಾರೆ. ಆ ನಮಸ್ಕಾರಕ್ಕೆ ನೀನು ಪ್ರತಿಯಾಗಿ ಹೇಳು, ಅಷ್ಟು ಸಾಕು.

ಇನ್ನು ಸ್ವಲ್ಪ ದಿನದಲ್ಲಿ ನಿಮ್ಮ ಬಾಗಿಲ ಹಿಡಿಗೆ ಒಂದು ಚಿಕ್ಕ ಫಲಕ ನೇತುಬೀಳುತ್ತೆ. ಇದು ಈ ಶ್ವಾಬಿಯಾ ಸೀಮೆಯ ಪದ್ಧತಿ, ಕೆರ್‌ವೋಖೆ ಅಂತಾರೆ. ಆ ವಾರ ಮೆಟ್ಟಿಲು ಗುಡಿಸಿ ಒರೆಸೋದು, ಮನೆ ಮುಂದಿನ ಕಾಲುದಾರಿ ಚೊಕ್ಕ ಮಾಡೋದು, ಚಳಿಗಾಲದಲ್ಲಿ ಹಿಮ ಸರಿಸೋದು ನಿಮ್ಮ ಪಾಳಿ ಅಂತ ಅರ್ಥ. ಮುಗಿಸಿದ ಮೇಲೆ ಫಲಕವನ್ನು ಮುಂದಿನ ಮನೆ ಬಾಗಿಲಿಗೆ ನೇತುಹಾಕಬೇಕು. ನಮ್ಮ ಕಟ್ಟಡದಲ್ಲಿ ಮೇಲಿನ ಮಹಡಿಯಲ್ಲಿ ಒಬ್ಬರು ಡಾಕ್ಟರು, ಕೆಳಗೆ ಬಸ್ ಓಡಿಸೋರು. ಪಾಳಿ ಬಂದಾಗ ಇಬ್ಬರ ಕೈಯಲ್ಲೂ ಪೊರಕೆಯೇ. ಹಣ ಕೊಟ್ಟು ಬೇರೆಯವರಿಂದ ಮಾಡಿಸಬಹುದು, ನಮ್ಮಲ್ಲಿ ಯಾರೂ ಮಾಡಿಸಲ್ಲ. ಮೈಸೂರಿನಲ್ಲಿ ಆ ಪೊರಕೆ ಯಾರ ಕೈಯಲ್ಲಿ ಇರ್ತಿತ್ತು ಅಂತ ನೆನೆಸಿಕೊಂಡಾಗ ನನಗೆ ಈ ಪದ್ಧತಿ ಮೇಲೆ ತುಂಬಾ ಗೌರವ ಬಂತು. ನೀನು ಪಾಳಿ ತಪ್ಪಿಸಬೇಡ. ಈ ಸೀಮೆಯಲ್ಲಿ ನಂಬಿಕೆ ಹುಟ್ಟೋದು ಹೀಗೆಯೇ, ನಗುವಿನಿಂದ ಅಲ್ಲ.

ಇವೆಲ್ಲ ಮೇಲಿನ ಮಾತಾಯ್ತು. ನನ್ನನ್ನು ಒಳಗಿಂದ ಅಲ್ಲಾಡಿಸಿದ್ದು ಬೇರೆ.

ಒಂದು ರಾತ್ರಿ ಯಜಮಾನರಿಗೆ ಹೊಟ್ಟೆನೋವು ಶುರುವಾಗಿ ಬೆವರು ಕಿತ್ತುಕೊಂಡು ಬಂತು. 112ಕ್ಕೆ ಫೋನ್ ಮಾಡೋಕೆ ಕೈ ಹೋಯ್ತು, ನಿಂತುಬಿಟ್ಟಿತು. ತಲೆಯಲ್ಲಿ ಲೆಕ್ಕ ಓಡ್ತಿತ್ತು: ಆಂಬುಲೆನ್ಸ್ ನಮ್ಮ ವಿಮೆಯ ಪಟ್ಟಿಯಲ್ಲಿ ಇದೆಯಾ, ಆಸ್ಪತ್ರೆ ಇದೆಯಾ, ಅರಿವಳಿಕೆ ಕೊಡೋ ಡಾಕ್ಟರು ಇದ್ದಾರಾ, ನಮ್ಮ ಕೈಯಿಂದ ಮೊದಲು ಎಷ್ಟು ಸಾವಿರ ಹೋಗುತ್ತೆ. ನೀನೂ ಅಲ್ಲಿ ಬೆಳೆದವಳು, ಈ ಲೆಕ್ಕ ನಿನಗೂ ಬಾಯಿಪಾಠ. ಅನಿರೀಕ್ಷಿತ ಬಿಲ್ ತಡೆಯೋಕೆ ಅಂತ 2022ರಲ್ಲಿ ಜಾರಿಗೆ ಬಂದ ಅಮೆರಿಕದ ಕಾನೂನು ರಸ್ತೆಯ ಆಂಬುಲೆನ್ಸನ್ನು ಹೊರಗೇ ಬಿಟ್ಟಿದೆ. ಕೊನೆಗೂ ಫೋನ್ ಮಾಡಿದೆ. ಯಜಮಾನರನ್ನು ಆಸ್ಪತ್ರೆಗೆ ಸೇರಿಸಿಕೊಂಡರು, ಪಿತ್ತಕೋಶ ತೆಗೆದರು. ಮನೆಗೆ ಕಳಿಸುವ ದಿನ ನಾನು ಬಿಲ್ ಕೌಂಟರ್ ಎಲ್ಲಿ ಅಂತ ಹುಡುಕಿಕೊಂಡು ಹೊರಟೆ. ಅಂಥ ಕೌಂಟರೇ ಇರಲಿಲ್ಲ. ನರ್ಸ್ ನನ್ನ ಪ್ರಶ್ನೆ ಅರ್ಥವಾಗದೆ ಇನ್ನೊಬ್ಬ ನರ್ಸನ್ನು ಕರೆದಳು. ಆಮೇಲೆ ಅಂಚೆಯಲ್ಲಿ ಬಂದ ಕಾಗದದಲ್ಲಿ ಇದ್ದದ್ದು ದಿನಕ್ಕೆ 10 ಯೂರೋ, ಆಂಬುಲೆನ್ಸ್‌ಗೆ 10 ಯೂರೋ, ಅಷ್ಟೇ. 18 ತುಂಬದ ಮಕ್ಕಳಿಗಾದರೆ ಆಸ್ಪತ್ರೆಯ ಆ ದಿನದ ಲೆಕ್ಕವೂ ಇಲ್ಲ.

ಆ ಕಾಗದ ಹಿಡಿದುಕೊಂಡು ನನಗೆ ಖುಷಿಗಿಂತ ಸಿಟ್ಟು ಜಾಸ್ತಿ ಬಂತು. ಅಮೆರಿಕದಲ್ಲಿ ಆ ಹೆದರಿಕೆಯನ್ನು ನಾನು ಜವಾಬ್ದಾರಿ ಅಂತ ಕರೆದುಕೊಂಡಿದ್ದೆ. ವಿಮೆ ಕೈತಪ್ಪುತ್ತೆ ಅಂತ ಕೆಲಸ ಬಿಡದೆ ಕೂತ ಗೆಳತಿಯರು, ಕಾಯಿಲೆ ರಜೆ ಉಳಿಸಿಕೊಳ್ಳೋಕೆ ಜ್ವರದಲ್ಲೇ ಆಫೀಸಿಗೆ ಬರ್ತಿದ್ದವರು, ಹೆರಿಗೆಯಾಗಿ ಕೆಲವೇ ವಾರಕ್ಕೆ ಹಸುಗೂಸನ್ನು ಡೇಕೇರ್‌ನಲ್ಲಿ ಬಿಟ್ಟು ಕಾರಿನಲ್ಲಿ ಅತ್ತವರು. ಜೀವನ ಅಂದ್ರೆ ಹೀಗೇ ಅಂತ ಎಲ್ಲರೂ ನಂಬಿದ್ದೆವು. 1993ರ ಅಲ್ಲಿಯ ಕಾನೂನು ಕೊಡೋದು 12 ವಾರದ ರಜೆ, ಅದೂ ಸಂಬಳವಿಲ್ಲದೆ, ಅದೂ ಎಲ್ಲರಿಗೂ ಅಲ್ಲ. ಇಲ್ಲಿ ಕಾಯಿಲೆ ಬಿದ್ದರೆ ಆರು ವಾರ ಕಂಪನಿಯೇ ಪೂರ್ತಿ ಸಂಬಳ ಕೊಡಬೇಕು. ಹೆರಿಗೆಗೆ ಮುಂಚೆ ಆರು ವಾರ, ಆಮೇಲೆ ಎಂಟು ವಾರ ಸಂಬಳ ಸಮೇತ ರಜೆ. ಜರ್ಮನಿಯಲ್ಲಿ ಕಾರ್ಮಿಕರ ಆರೋಗ್ಯ ವಿಮೆ ಬಂದಿದ್ದು ಬಿಸ್ಮಾರ್ಕ್ ಕಾಲದಲ್ಲಿ, 1883ರಲ್ಲಿ. ನಮ್ಮ ಮುತ್ತಜ್ಜನ ಕಾಲದಲ್ಲೇ ಯಾರೋ ಕೂತು ಮಾಡಿದ ಏರ್ಪಾಡು ಇದು. ಹಾಗಾದರೆ ಅಮೆರಿಕದ್ದೂ ಯಾರೋ ಮಾಡಿದ ಏರ್ಪಾಡೇ, ವಿಧಿಯಲ್ಲ. ಇಷ್ಟು ಹೊಳೆಯೋಕೆ ನಾನು ಒಂದು ಸಾಗರ ದಾಟಿ ಬರಬೇಕಾಯ್ತು.

ಇದೇನು ಪುಕ್ಕಟೆ ಅಂದುಕೊಳ್ಳಬೇಡ. ನಿನ್ನ ಗಂಡನ ಮೊದಲ ಸಂಬಳದ ಚೀಟಿ ನೋಡಿ ನಿನ್ನ ಎದೆ ಧಸಕ್ ಅಂದಿರುತ್ತೆ. ಸರ್ಕಾರಿ ಪದ್ಧತಿಯ ವಿಮೆಗೇ ಸಂಬಳದ 14.6 ಶೇಕಡಾ ಹೋಗುತ್ತೆ, ಅದರ ಮೇಲೆ ವಿಮಾ ಸಂಸ್ಥೆಯ ಹೆಚ್ಚುವರಿ ಬೇರೆ. ಅರ್ಧ ಕಂಪನಿಯದು, ಅರ್ಧ ನಿಮ್ಮದು. ಪಿಂಚಣಿ, ತೆರಿಗೆ ಎಲ್ಲ ಕಳೆದ ಮೇಲೆ ಉಳಿಯೋದನ್ನು ನ್ಯೂಜೆರ್ಸಿಯ ಸಂಬಳದ ಜೊತೆ ಇಟ್ಟು ನೋಡಬೇಡ. ಅಲ್ಲಿ ಬೇರೆ ಬೇರೆ ಕಡೆ ಕಟ್ಟುತ್ತಿದ್ದುದನ್ನೆಲ್ಲ ಕೂಡಿಸಿ, ಆಮೇಲೆ ನೋಡು. ದುಡ್ಡು ಕೂಡಿಡಬೇಕು ಅನ್ನೋದೇ ಮುಖ್ಯ ಗುರಿಯಾದರೆ ಅಮೆರಿಕವೇ ಮೇಲು, ಅದನ್ನೂ ನೇರವಾಗಿ ಹೇಳ್ತೀನಿ.

ಮಗಳ ಶಾಲೆ ವಿಷಯಕ್ಕೆ ಬರ್ತೀನಿ, ಇದು ನಿನಗೆ ಎಲ್ಲಕ್ಕಿಂತ ಕಷ್ಟ ಆಗುತ್ತೆ. ಇಲ್ಲಿ ಒಂದನೇ ತರಗತಿಯ ಮಕ್ಕಳು ಬೆನ್ನಿಗೆ ಚೀಲ ಹಾಕಿಕೊಂಡು, ಬೆಳಕಿಗೆ ಹೊಳೆಯುವ ಹಳದಿ ಪಟ್ಟಿ ಕಟ್ಟಿಕೊಂಡು ತಾವೇ ನಡೆದು ಹೋಗ್ತಾರೆ. ಶಾಲೆಯವರೇ ನಿನಗೆ ಹೇಳ್ತಾರೆ, ದಯವಿಟ್ಟು ಕಾರಿನಲ್ಲಿ ತಂದು ಬಿಡಬೇಡಿ ಅಂತ. ಅಮೆರಿಕದಲ್ಲಿ ಮಗು ಒಂಟಿಯಾಗಿ ನಡೆದರೆ ಪೊಲೀಸರಿಗೆ ಫೋನ್ ಹೋಗೋ ಕಡೆಗಳಿವೆ. ಮಗು ಒಂಟಿಯಾಗಿ ಶಾಲೆಗೆ ಹೋಗೋದು ತಾಯ್ತಂದೆಯರ ನಿರ್ಲಕ್ಷ್ಯ ಅಲ್ಲ ಅಂತ ಹೇಳೋಕೆ ಯೂಟಾ ರಾಜ್ಯ 2018ರಲ್ಲಿ ಕಾನೂನನ್ನೇ ಮಾಡಬೇಕಾಯ್ತು. ನಾನು ಮೊದಮೊದಲು ಮರೆಯಲ್ಲಿ ನಿಂತು ಮಗಳ ಹಿಂದೆ ಹೋಗ್ತಿದ್ದೆ. ಬೀದಿಯ ಅಜ್ಜಿಯರು ಕಿಟಕಿಯಿಂದ ನೋಡ್ತಾ ಇರ್ತಾರೆ. ಅವರ ಆ ಬಿಗಿ ಮುಖವೇ ಮಕ್ಕಳಿಗೆ ಕಾವಲು ಅಂತ ನಿಧಾನವಾಗಿ ಗೊತ್ತಾಯ್ತು.

ನನ್ನ ಮಗಳು ಇಲ್ಲಿಯ ಶಾಲೆಗೆ ಸೇರಿದ ಹೊಸದರಲ್ಲಿ ಟೀಚರನ್ನು ಒಂದು ಪ್ರಶ್ನೆ ಕೇಳಿದಳಂತೆ: ಬಂದೂಕು ಹಿಡಿದವರು ಬಂದರೆ ಈ ಕ್ಲಾಸಿನಲ್ಲಿ ನಾವು ಎಲ್ಲಿ ಬಚ್ಚಿಟ್ಟುಕೊಳ್ಳಬೇಕು? ಮಿಶಿಗನ್‌ನಲ್ಲಿ ಬಾಗಿಲು ಮುಚ್ಚಿ, ದೀಪ ಆರಿಸಿ, ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂರೋ ಕವಾಯತು ಅವಳಿಗೆ ಬೆಂಕಿ ಕವಾಯತಿನಷ್ಟೇ ಮಾಮೂಲಾಗಿತ್ತು. ಟೀಚರು ಸಂಜೆ ನನಗೆ ಫೋನ್ ಮಾಡಿದರು. ಅವರ ದನಿ ನಡುಗ್ತಿತ್ತು. ಇಲ್ಲಿ ಅಂಥದ್ದು ನಡೆದೇ ಇಲ್ಲ ಅಂತ ಅಲ್ಲ. ಸ್ಟುಟ್‌ಗಾರ್ಟ್ ಪಕ್ಕದ ವಿನ್ನೆಂಡನ್‌ನಲ್ಲಿ 2009ರ ಮಾರ್ಚ್‌ನಲ್ಲಿ ಹಳೇ ವಿದ್ಯಾರ್ಥಿಯೊಬ್ಬ ಗುಂಡು ಹಾರಿಸಿ 15 ಜನರನ್ನು ಕೊಂದ. ಆ ಗಾಯ ಈ ಸೀಮೆಯಲ್ಲಿ ಇನ್ನೂ ಮಾಗಿಲ್ಲ. ಅದಾದ ಕೆಲವೇ ತಿಂಗಳಲ್ಲಿ ಕಾನೂನು ಬಿಗಿಯಾಯ್ತು. ಬಂದೂಕು ಇಟ್ಟುಕೊಂಡವರ ಮನೆಗೆ ಹೋಗಿ, ಬೀಗ ಹಾಕಿ ಇಟ್ಟಿದ್ದಾರೋ ಇಲ್ಲವೋ ಅಂತ ತಪಾಸಣೆ ಮಾಡೋ ಅಧಿಕಾರ ಬಂತು. ಮಕ್ಕಳಿಗೆ ಬಚ್ಚಿಟ್ಟುಕೊಳ್ಳೋದನ್ನು ಕಲಿಸೋದಕ್ಕಿಂತ ಮೊದಲು ದೊಡ್ಡವರ ಬೀಗ ನೋಡಿದರಲ್ಲ, ಅದನ್ನು ನಾನು ಯಾವತ್ತೂ ಮರೆಯಲ್ಲ.

ನಿಮ್ಮ ಬೀದಿಯಲ್ಲಿ ನಡೆಯುವಾಗ ಕಾಲ ಕೆಳಗೂ ನೋಡು. ಕೆಲವು ಮನೆಗಳ ಮುಂದೆ ಅಂಗೈಯಗಲದ ಹಿತ್ತಾಳೆ ಕಲ್ಲುಗಳಿವೆ. ನಾಜಿಗಳ ಕಾಲದಲ್ಲಿ ಬಲಿಯಾದವರ ನೆನಪಿಗೆ ಗುಂಟರ್ ಡೆಮ್ನಿಗ್ ಅನ್ನೋ ಕಲಾವಿದ ಶುರು ಮಾಡಿದ ಕೆಲಸ. ಇಂಥವರು ಇಲ್ಲಿ ವಾಸವಾಗಿದ್ದರು, ಇಂಥ ವರ್ಷ ಹುಟ್ಟಿದರು, ಇಂಥ ಕಡೆ ಕೊಲ್ಲಲ್ಪಟ್ಟರು ಅಂತ ಕೆತ್ತಿರುತ್ತೆ. 1941ರ ಡಿಸೆಂಬರ್ 1ರಂದು ಸ್ಟುಟ್‌ಗಾರ್ಟ್‌ನಿಂದ ಸುಮಾರು ಸಾವಿರ ಯಹೂದಿಗಳನ್ನು ರೈಲಿಗೆ ತುಂಬಿ ರೀಗಾಕ್ಕೆ ಸಾಗಿಸಿದರು. ಆ ಹಳಿಗಳ ಜಾಗ ಈಗ ಸ್ಮಾರಕ. ತಮ್ಮ ಅಜ್ಜಂದಿರ ಪಾಪವನ್ನು ತಮ್ಮ ಮನೆ ಬಾಗಿಲಲ್ಲೇ ಬರೆದಿಟ್ಟುಕೊಂಡ ಜನರ ನಡುವೆ ಇದ್ದ ಮೇಲೆ ನಾನು ಅಮೆರಿಕವನ್ನೂ ಬೇರೆ ಕಣ್ಣಿಂದ ನೋಡಿದೆ. ಗುಲಾಮಗಿರಿಯ ನಂತರ ಗುಂಪು ಹಿಂಸೆಯಲ್ಲಿ ಸತ್ತ ಕರಿಯರ ಹೆಸರು ಕೆತ್ತಿದ ದೊಡ್ಡ ಸ್ಮಾರಕ ಅಲ್ಲಿ, ಅಲಬಾಮಾದ ಮಾಂಟ್‌ಗೊಮರಿಯಲ್ಲಿ, ತೆರೆದದ್ದು 2018ರಲ್ಲಿ. ಮುಂದಿನ ಸಲ ಹೋದಾಗ ನಿನ್ನ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗು.

ಹಾಗಂತ ಇಲ್ಲಿಯದೆಲ್ಲ ಹೊನ್ನಲ್ಲ. ಬಹಳ ಅಮೆರಿಕನ್ನರು ವಾಪಸ್ ಹೋಗೋದು ಚಳಿಗಲ್ಲ, ಒಂಟಿತನಕ್ಕೆ. ಇಲ್ಲಿ ಗೆಳೆತನ ಕೂಡಿಬರೋಕೆ ವರ್ಷಗಳು ಬೇಕು. ಇನ್ನೊಂದು ನೋವು ನಮ್ಮಂಥವರಿಗೇ ಮೀಸಲು. ನೀನು ಅಮೆರಿಕದವಳು ಅಂದರೆ ಎದುರಿನವರು ಸುಮ್ಮನೆ ಕಾಯ್ತಾರೆ, ಆಮೇಲೆ ಮೂಲ ಯಾವುದು ಅಂತ ಕೇಳ್ತಾರೆ. ಹುಟ್ಟಿದ್ದೇ ನ್ಯೂಜೆರ್ಸಿ ಅಂದರೂ ಬಿಡಲ್ಲ. ಇಲ್ಲೇ ಹುಟ್ಟಿದ ಟರ್ಕಿ ಮೂಲದವರನ್ನೂ ಹೀಗೇ ಕೇಳ್ತಾರೆ. ಡೆಟ್ರಾಯಿಟ್‌ನಲ್ಲಿ ನಾನು ಪೌರತ್ವದ ಪ್ರಮಾಣ ಮಾಡಿದ ದಿನ, ಇವತ್ತಿಂದ ಈ ದೇಶ ನಿಮ್ಮದು, ಇಲ್ಲಿ ಹುಟ್ಟಿದವರದ್ದು ಎಷ್ಟೋ ನಿಮ್ಮದೂ ಅಷ್ಟೇ ಅಂತ ನ್ಯಾಯಾಧೀಶರು ಹೇಳಿದಾಗ ಹಾಲ್ ತುಂಬ ಜನ ಎದ್ದು ಚಪ್ಪಾಳೆ ತಟ್ಟಿದ್ದರು. ಆಗ ಅದೊಂದು ಸಮಾರಂಭದ ಮಾತು ಅನ್ನಿಸಿತ್ತು. ಇಲ್ಲಿಗೆ ಬಂದ ಮೇಲೆ ಅದರ ಬೆಲೆ ಗೊತ್ತಾಯ್ತು. ಹಾಗೆ ತೋಳು ಚಾಚೋದು ಸುಲಭ ಅಲ್ಲ, ಬಹಳ ಜನ ಹೋರಾಡಿ ಗಳಿಸಿದ್ದು ಅದು. ಈಗ ಅಮೆರಿಕದಲ್ಲಿ ಅದಕ್ಕೆ ಕುಂದು ಬಂದ ಸುದ್ದಿ ಓದಿದಾಗ ನನಗೆ ಆಗೋ ಸಂಕಟ, ಅಲ್ಲೇ ಇದ್ದಿದ್ದರೆ ಇಷ್ಟು ಆಗ್ತಿರಲಿಲ್ಲವೇನೋ. ಅಲ್ಲಿ ನಲವತ್ತಕ್ಕೆ ಹೊಸ ಓದು ಶುರು ಮಾಡಿದರೆ ಬೆನ್ನು ತಟ್ಟುತ್ತಾರೆ. ಇಲ್ಲಿ ನಾಲ್ಕನೇ ತರಗತಿ ಮುಗಿಯೋ ಹೊತ್ತಿಗೇ ಮಗು ಯಾವ ಬಗೆಯ ಶಾಲೆಗೆ ಅನ್ನೋ ವಿಂಗಡಣೆ. ಇದನ್ನು ನಾನು ಇವತ್ತಿಗೂ ಒಪ್ಪಿಲ್ಲ. ಮಗಳಿಗೆ ಜರ್ಮನ್ ಬೇಗ ಬರಲಿ ಅಂತ ಈಗಲೇ ಕಾಳಜಿ ಮಾಡು.

ನೀನೂ ಕಲಿ. ವೈಹಿಂಗನ್ ಕಡೆ ಅಮೆರಿಕದ ಸೇನೆಯ ಯುರೋಪ್ ಕೇಂದ್ರ ಇದೆ. ಒಳಗೆ ಅಮೆರಿಕದ ಅಂಗಡಿ, ಡಾಲರು, ಶಾಲೆ ಎಲ್ಲ ಉಂಟು. ಅಲ್ಲಿಯ ಕೆಲವು ಕುಟುಂಬಗಳು ವರ್ಷಗಟ್ಟಲೆ ಇದ್ದೂ ಬ್ರೆಡ್ ಕೇಳುವಷ್ಟು ಜರ್ಮನ್ ಕಲಿಯದೆ ಹೋಗಿಬಿಡ್ತಾರೆ. ನಿನಗೆ ಧೈರ್ಯ ಬೇಕಾದರೆ ಒಂದು ಶನಿವಾರ ತ್ಯೂಬಿಂಗನ್‌ಗೆ ಹೋಗಿ ಬಾ. ಕನ್ನಡಕ್ಕೆ 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಆ ಊರಲ್ಲಿ. 'ಮಂಗಳೂರು ಸಮಾಚಾರ' ತಂದ ಮೊಗ್ಲಿಂಗ್ ಕೊನೆಯುಸಿರೆಳೆದ ಎಸ್ಲಿಂಗನ್ ನಿಮಗೆ ಇನ್ನೂ ಹತ್ತಿರ. ನಮ್ಮ ಭಾಷೆಯನ್ನು ಅವರು ಅಷ್ಟು ಆಳಕ್ಕೆ ಕಲಿತರು. ನಮಗೆ ಬೇಕಾಗಿರೋದು ಡಾಕ್ಟರ ಹತ್ತಿರ ನೋವು ಹೇಳಿಕೊಳ್ಳುವಷ್ಟು, ಪಕ್ಕದ ಮನೆಯವರ ಜೊತೆ ಹವಾಮಾನ ಮಾತಾಡುವಷ್ಟು.

ಎರಡು ಕಾಗದದ ಕೆಲಸ ಮರೀಬೇಡ. ಎಲ್ಲೇ ಇದ್ದರೂ, ಆದಾಯ ಒಂದು ಮಿತಿ ದಾಟಿದರೆ ಅಮೆರಿಕದ ಪೌರರು ಅಲ್ಲಿ ತೆರಿಗೆ ಲೆಕ್ಕ ಸಲ್ಲಿಸಲೇಬೇಕು. ಹೀಗೆ ಮಾಡೋ ಇನ್ನೊಂದು ದೇಶ ಎರಿಟ್ರಿಯಾ. ಹೊರಗಿರೋರಿಗೆ ಜೂನ್ 15ರವರೆಗೆ ಸಮಯ. ಎರಡೂ ಕಡೆ ತೆರಿಗೆ ಕಟ್ಟದಂತೆ ಸಾಮಾನ್ಯವಾಗಿ ಹೊಂದಾಣಿಕೆ ಆಗುತ್ತೆ, ಆದರೆ ಲೆಕ್ಕ ಕಳಿಸದೆ ಇರಬಾರದು. ಅಮೆರಿಕದ ಹೊರಗಿನ ನಿನ್ನ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಯಾವತ್ತಾದರೂ 10,000 ಡಾಲರ್ ದಾಟಿದರೆ ಅದನ್ನೂ ಬೇರೆಯಾಗಿ ತಿಳಿಸಬೇಕು. ಅಮೆರಿಕನ್ನರ ಖಾತೆಯ ವಿವರವನ್ನು ಅಮೆರಿಕಕ್ಕೆ ತಿಳಿಸಬೇಕು ಅನ್ನೋ ಅಲ್ಲಿಯ 2010ರ ಕಾನೂನಿನ ತಲೆನೋವು ಬೇಡ ಅಂತ ಕೆಲವು ಬ್ಯಾಂಕುಗಳು ಅಮೆರಿಕನ್ನರಿಗೆ ಹೂಡಿಕೆ ಖಾತೆಯನ್ನೇ ಕೊಡಲ್ಲ. ನನಗೂ ಒಂದು ಬ್ಯಾಂಕು ಬಾಗಿಲು ಹಾಕಿತು, ಬೇರೆ ಬ್ಯಾಂಕು ಸಿಕ್ಕಿತು. ಇಲ್ಲಿಯ ಮ್ಯೂಚುಯಲ್ ಫಂಡ್ ಮಾತ್ರ ತಿಳಿದವರನ್ನು ಕೇಳದೆ ಕೊಳ್ಳಬೇಡ.

ವಾಪಸ್ ಹೋಗೋ ಮಾತು. ಈಗ ತೀರ್ಮಾನ ಮಾಡಬೇಡ. ಒಂದು ಚಳಿಗಾಲ, ಒಂದು ಬೇಸಿಗೆ ಪೂರ್ತಿ ಕಳೆಯಲಿ, ಮಗಳು ಒಂಟಿಯಾಗಿ ಶಾಲೆಗೆ ಹೋಗಿ ಬರೋಕೆ ಶುರು ಮಾಡಲಿ, ಆಮೇಲೆ ಕೂತು ಮಾತಾಡಿ. ಹೋಗಬೇಕು ಅನ್ನಿಸಿದರೆ ತಲೆ ಎತ್ತಿಕೊಂಡೇ ಹೋಗು, ಅದರಲ್ಲಿ ಸೋಲೇನಿಲ್ಲ. ಇರೋದಾದರೆ ದಾರಿಯೂ ಮುಂಚಿಗಿಂತ ಸಲೀಸು. 2024ರ ಜೂನ್ 27ರಿಂದ ಅಮೆರಿಕದ ಪೌರತ್ವ ಇಟ್ಟುಕೊಂಡೇ ಇಲ್ಲಿಯದನ್ನೂ ಪಡೆಯಬಹುದು. ನಾನು ಅರ್ಜಿ ಹಾಕಿದ್ದೀನಿ.

ಇನ್ನೊಂದು, ಎರಡನೇ ಕಾಗದ. ನಿನ್ನ ಡ್ರೈವಿಂಗ್ ಲೈಸೆನ್ಸ್ ಇಲ್ಲಿ ನಡೆಯೋದು ಆರು ತಿಂಗಳು ಮಾತ್ರ. ಅಮೆರಿಕದ ಕೆಲವು ರಾಜ್ಯಗಳ ಲೈಸೆನ್ಸನ್ನು ಪರೀಕ್ಷೆಯಿಲ್ಲದೆ ಬದಲಾಯಿಸಿಕೊಡ್ತಾರೆ, ಕೆಲವಕ್ಕೆ ಪೂರ್ತಿ ಪರೀಕ್ಷೆ ಬರೆಯಬೇಕು. ಈ ವಾರವೇ ಲೈಸೆನ್ಸ್ ಕೊಡೋ ಕಚೇರಿಗೆ ಹೋಗಿ ನ್ಯೂಜೆರ್ಸಿಯದು ಯಾವ ಪಟ್ಟಿಯಲ್ಲಿದೆ ಅಂತ ಕೇಳು. ಜೊತೆಗೆ ಬರಬೇಕಾದರೆ ಹೇಳು, ಗುರುವಾರ ನನಗೆ ಬಿಡುವು ಇದೆ.