ಶುಕ್ರವಾರ ರಾತ್ರಿ ಹೊರಟು ಭಾನುವಾರ ರಾತ್ರಿ ವಾಪಸ್: ಮಂಗಳೂರು, ಉಡುಪಿ, ಮುರುಡೇಶ್ವರ, ಗೋಕರ್ಣ ನಾಲ್ಕೂ ನೋಡಿ ಬರಬಹುದಾ?

ಬೆಂಗಳೂರಿಂದ ಕಾರಿನಲ್ಲಿ ಹೊರಡುತ್ತೀರಿ. ಜೊತೆಗೆ ವಯಸ್ಸಾದ ತಾಯಿ, ಆರು ವರ್ಷದ ಮಗ. ಮುರುಡೇಶ್ವರದ ರೂಮಿಗೆ ಆಗಲೇ ಮುಂಗಡ ಕಟ್ಟಿದ್ದೀರಿ. "ಅಷ್ಟು ದೂರ ಹೋಗಿ ಒಂದೇ ಊರು ನೋಡಿ ಬಂದರೆ ವೇಸ್ಟ್ ಅಲ್ವಾ" ಅಂತಲೂ ಕೇಳಿದ್ದೀರಿ. ವೇಸ್ಟ್ ಅಲ್ಲ. ನಾಲ್ಕು ಊರು ಹಿಡಿದರೆ ಮಾತ್ರ ವೇಸ್ಟ್. ನಿಮ್ಮ ಹಾಗೆಯೇ ಕೇಳಿ, ಹೆಚ್ಚುಕಡಿಮೆ ಇದೇ ದಾರಿಗೆ ಪ್ಲ್ಯಾನ್ ಹಾಕಿ, ಮನೆಯವರನ್ನೆಲ್ಲ ಹೊರಡಿಸಿದವಳು ನಾನು. ನಮಗೆ ಸೋಮವಾರವೂ ರಜೆ ಇತ್ತು. ಆದರೂ ಆಗಲಿಲ್ಲ.

ನಮ್ಮ ಅತ್ತೆ ಚಿತ್ರದುರ್ಗದ ಕಡೆಯವರು. ಅಲ್ಲಿಯವರೆಗೆ ಸಮುದ್ರ ನೋಡಿರಲಿಲ್ಲ. ಹೊರಡುವ ಮುಂಚೆ ಏನೇನು ನೋಡಬೇಕು ಅಂತ ಕೇಳಿದರೆ ಒಂದೇ ಹೇಳಿದ್ದರು. ಸೂರ್ಯ ನೀರಿಗೆ ಇಳಿಯೋದನ್ನು ಕೂತು ನೋಡಬೇಕು, ಅಷ್ಟೇ. ಉಳಿದದ್ದೆಲ್ಲ ನಾನು ಸೇರಿಸಿದ್ದು.

ಶುಕ್ರವಾರ ರಾತ್ರಿ ಹೊರಟೆವು. ಹಾಸನದವರೆಗೆ ತೊಂದರೆ ಇರಲಿಲ್ಲ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಮುಂದೆ ಸಾಲು ಸಾಲು ಲಾರಿ, ಎದುರಿಗೆ ಏರಿ ಬರುವ ಗ್ಯಾಸ್ ಟ್ಯಾಂಕರ್, ಹಿಂದೆ ಹಾರ್ನ್ ಹೊಡೆಯುವ ಬಸ್ಸು. ನನ್ನ ಗಂಡ ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲ. ಮಂಗಳೂರು ಮುಟ್ಟಿದಾಗ ಬೆಳಕು ಹರಿದಿತ್ತು, ಆದರೆ ನಮಗೆ ಹೋಗಲು ಜಾಗ ಇರಲಿಲ್ಲ. ಯಾಕೆಂದರೆ ಮೊದಲ ರೂಮು ಇದ್ದದ್ದು ಉಡುಪಿಯಲ್ಲಿ. ಅದೂ ಮಧ್ಯಾಹ್ನ ಒಂದು ಗಂಟೆಗೆ.

ಆ ಬೆಳಗ್ಗೆಯನ್ನು ಹೇಗೆ ಕಳೆದೆವು ಅಂತ ಹೇಳಬೇಕು. ಒಂದು ಹೋಟೆಲ್‌ನಲ್ಲಿ ಬನ್ಸ್ ತಿಂದು, ಅಲ್ಲೇ ಮುಖ ತೊಳೆದೆವು. ಕದ್ರಿ ದೇವಸ್ಥಾನಕ್ಕೆ ಹೋಗೋಣ ಅಂದರೆ ಅತ್ತೆ ಸ್ನಾನ ಆಗದೆ ಒಳಗೆ ಬರಲ್ಲ ಅಂದರು. ಅವರು ಹೇಳಿದ್ದು ಸರಿಯೇ. ಮಗಳು ಕಾರಿನಲ್ಲಿ ನಿದ್ದೆ ಹೋದಳು, ಎಬ್ಬಿಸಲು ಮನಸ್ಸಾಗಲಿಲ್ಲ. ಹೀಗೆ ಪಣಂಬೂರು ಬೀಚಿಗೆ ಹೋಗುವಾಗ ಹನ್ನೊಂದಾಗಿತ್ತು. ಮರಳು ಕಾದಿತ್ತು. ಎಲೆ ಅಲುಗದಷ್ಟು ಸೆಕೆ. ಅತ್ತೆ ಗೂಡಂಗಡಿಯ ನೆರಳಲ್ಲಿ ಕೂತವರು ಎದ್ದು ನೀರಿನವರೆಗೆ ಬರಲೇ ಇಲ್ಲ. ಮಗಳು ನೀರಿಗೆ ಇಳಿದಳು, ಖುಷಿಪಟ್ಟಳು, ಆಮೇಲೆ ಮೈತುಂಬ ಉಪ್ಪು, ಮರಳು. ಸ್ನಾನದ ಕೋಣೆ ಮುಂದೆ ಉದ್ದ ಕ್ಯೂ. ಟವೆಲ್ ಸುತ್ತಿ ಕಾರಿಗೆ ಹಾಕಿಕೊಂಡು ಉಡುಪಿಯವರೆಗೂ ಅವಳು ಮೈ ತುರಿಸಿಕೊಂಡು ಅಳುತ್ತಾ ಬಂದಳು.

ರೂಮು ಸಿಕ್ಕಿದ್ದೇ ತಡ ಎಲ್ಲರೂ ಮಲಗಿಬಿಟ್ಟೆವು. ರಾತ್ರಿ ನಿದ್ದೆ ಇಲ್ಲದವರು ಮತ್ತೇನು ಮಾಡುತ್ತಾರೆ? ಎದ್ದಾಗ ಹೊರಗೆ ಕತ್ತಲಾಗುತ್ತಿತ್ತು. ಕೃಷ್ಣಮಠಕ್ಕೆ ಹೋಗಿ ಬಂದೆವು, ಆ ದರ್ಶನ ಒಂದೇ ಆ ದಿನ ಚೆನ್ನಾಗಿ ಆದದ್ದು. ಸೂರ್ಯಾಸ್ತ ನಾಳೆ ನೋಡಿದರಾಯ್ತು ಅಂದುಕೊಂಡೆವು.

ಭಾನುವಾರ ಬೆಳಿಗ್ಗೆ ಉಡುಪಿ ಪಕ್ಕದ ಮಲ್ಪೆ ಬೀಚಿಗೆ ಬೇಗ ಹೋಗುವುದು ಅಂತ ನಿರ್ಧಾರ. ಆದರೆ ಅವತ್ತೇ ರೂಮು ಖಾಲಿ ಮಾಡಬೇಕಲ್ಲ! ನಾಲ್ಕು ಜನರ ಸ್ನಾನ, ತಿಂಡಿ, ಒದ್ದೆ ಬಟ್ಟೆ ಕವರಿಗೆ ತುಂಬೋದು, ಅತ್ತೆಯ ಮಾತ್ರೆ, ಬಿಲ್ಲು. ಮಲ್ಪೆ ತಲುಪಿದಾಗ ಮತ್ತೆ ಅದೇ ಸುಡುಬಿಸಿಲು, ದೋಣಿಗೆ ಕ್ಯೂ. ಅತ್ತೆಗೆ ಮಂಡಿ ನೋವು, ದೋಣಿ ಹತ್ತಿ ಇಳಿಯೋದು ಬೇಡ ಅಂದರು. ಗಂಡ, ಮಗಳು ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರು, ನಾವಿಬ್ಬರೂ ದಡದಲ್ಲಿ ಕಾದೆವು. ಆ ದ್ವೀಪ ನೋಡಲೇಬೇಕಾದದ್ದು, ಅದರಲ್ಲಿ ಎರಡು ಮಾತಿಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ಮತ್ತು ಭಾರತ ಬೇರೆಯಾದ ಕಾಲದ ಲಾವಾ ಅಲ್ಲಿ ತಣ್ಣಗಾಗಿ, ಬಿರುಕುಬಿಟ್ಟು, ಆರು ಮೂಲೆಯ ಕಂಬಗಳಾಗಿ ನಿಂತಿದೆ. ಆದರೆ ಅದಕ್ಕೆ ಅರ್ಧ ದಿನ ಬೇಕು. ನಮಗೆ ಅರ್ಧ ದಿನ ಇರಲಿಲ್ಲ. ಮುಂದಿನ ರೂಮು ನೂರು ಕಿಲೋಮೀಟರ್ ಆಚೆ ಮುರುಡೇಶ್ವರದಲ್ಲಿ ಕಾಯುತ್ತಿತ್ತು.

ಮರವಂತೆಯಲ್ಲಿ ಸೂರ್ಯಾಸ್ತ ಸಿಗುತ್ತದೆ ಅಂತ ನನ್ನ ಲೆಕ್ಕ. ಹೆದ್ದಾರಿಯ ಒಂದು ಮಗ್ಗುಲಲ್ಲಿ ಅರಬ್ಬಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ ನದಿ, ಅಂಥ ಜಾಗ ಅದು. ಆದರೆ ಊಟ ತಡವಾಯಿತು, ದಾರಿಯಲ್ಲಿ ಟ್ರಾಫಿಕ್ ಸಿಕ್ಕಿತು. ಕುಂದಾಪುರ ದಾಟುವಾಗಲೇ ಎಡಗಡೆಯ ಕೆಂಪು ಆರಿಹೋಗುತ್ತಿತ್ತು. ಮರವಂತೆಯಲ್ಲಿ ಇಳಿದು ನಿಂತಾಗ ಪೂರ್ತಿ ಕತ್ತಲು. ಅತ್ತೆ ಸ್ವಲ್ಪ ಹೊತ್ತು ನಿಂತು, "ಸದ್ದು ಕೇಳ್ತೈತೆ, ಏನೂ ಕಾಣಂಗಿಲ್ಲ ಕಣಮ್ಮ" ಅಂದರು. ಬೇಜಾರಿನಿಂದ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದರು. ನನಗೆ ಅದು ಇವತ್ತಿಗೂ ಚುಚ್ಚುತ್ತದೆ.

ಮಾರನೇ ಬೆಳಿಗ್ಗೆ ಮುರುಡೇಶ್ವರದಲ್ಲಿ 123 ಅಡಿಯ ಶಿವನನ್ನು ನೋಡಿ ಬೆಂಗಳೂರಿಗೆ ಹೊರಟೆವು. ಗೋಕರ್ಣದ ಮಾತನ್ನು ಯಾರೂ ಎತ್ತಲಿಲ್ಲ.

ಈಗ ತಪ್ಪು ಎಲ್ಲಿ ಆಯಿತು ಅಂತ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ಲ್ಯಾನಿನಲ್ಲೂ ಅದೇ ಇದೆ. ದೂರ ಜಾಸ್ತಿ ಅನ್ನೋದು ನಿಜ. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿ.ಮೀ., ಅಲ್ಲಿಂದ ಗೋಕರ್ಣಕ್ಕೆ 230ರ ಆಸುಪಾಸು, ಗೋಕರ್ಣದಿಂದ ವಾಪಸು ಬರಲು 480ರ ಹತ್ತಿರ. ಸಾವಿರ ದಾಟುತ್ತದೆ. ಆದರೆ ನಮ್ಮನ್ನು ಕೆಡಿಸಿದ್ದು ಬರೀ ಕಿಲೋಮೀಟರ್ ಅಲ್ಲ. ಪ್ರತಿ ರಾತ್ರಿಗೆ ಒಂದೊಂದು ಊರಲ್ಲಿ ರೂಮು ಹಿಡಿದದ್ದು.

ಹೇಗೆ ಅಂದರೆ, ನಮ್ಮ ಪಡುವಣ ಕರಾವಳಿಯಲ್ಲಿ ಬೀಚಿಗೆ ದಿನಕ್ಕೆ ಎರಡೇ ಹೊತ್ತು. ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ನಾಲ್ಕೂವರೆಯಿಂದ ಕತ್ತಲಾಗುವವರೆಗೆ. ಬೆಳಿಗ್ಗೆ ಸೂರ್ಯ ಬೆನ್ನ ಹಿಂದೆ, ಘಟ್ಟದ ಕಡೆಯಿಂದ ಏಳುತ್ತಾನೆ. ತೆಂಗಿನ ಮರಗಳ ನೆರಳು ಉದ್ದಕ್ಕೆ ಮರಳಿನ ಮೇಲೆ ಬಿದ್ದಿರುತ್ತದೆ. ರಾತ್ರಿಯಿಂದ ನೆಲದ ಕಡೆಯ ಗಾಳಿ ಮೆಲ್ಲಗೆ ನೀರಿನತ್ತ ಬೀಸುತ್ತಿರುತ್ತದೆ. ಹೊತ್ತೇರಿದಂತೆ ನೆಲ ಕಾದು ಆ ಗಾಳಿ ನಿಲ್ಲುತ್ತದೆ. ಸಮುದ್ರದ ಗಾಳಿ ಇನ್ನೂ ಜೋರಾಗಿ ಶುರುವಾಗಿರುವುದಿಲ್ಲ. ಆ ನಡುವಿನ ಹೊತ್ತೇ ತಡೆಯಲಾಗದ ಸೆಕೆ. ಮಧ್ಯಾಹ್ನದ ನಂತರ ಸಮುದ್ರದಿಂದ ಗಾಳಿ ಬರುತ್ತದೆ, ಸಂಜೆ ಮತ್ತೆ ಕೂರುವಂತಾಗುತ್ತದೆ.

ಈಗ ರೂಮಿನ ಹೊತ್ತು ನೋಡಿ. ಹೆಚ್ಚಿನ ಕಡೆ ಹತ್ತು, ಹನ್ನೊಂದಕ್ಕೆ ಖಾಲಿ ಮಾಡಬೇಕು. ಹೊಸ ಊರಲ್ಲಿ ಹನ್ನೆರಡು, ಒಂದರ ಮೇಲೆಯೇ ಕೀ ಕೊಡುತ್ತಾರೆ. ಅಂದರೆ ಬೆಳಗಿನ ಒಳ್ಳೆಯ ಹೊತ್ತು ಪ್ಯಾಕಿಂಗಿಗೆ ಹೋಗುತ್ತದೆ. ಸಂಜೆಯ ಒಳ್ಳೆಯ ಹೊತ್ತು ರಸ್ತೆಗೆ ಹೋಗುತ್ತದೆ. ಬೀಚಿಗೆ ಉಳಿಯುವುದು ಯಾವ ಹೊತ್ತು? ಯಾರಿಗೂ ರೂಮು ಇಲ್ಲದ, ನೆತ್ತಿ ಸುಡುವ ಹನ್ನೊಂದು ಗಂಟೆ. ಆಗ ಮಗು ಒದ್ದೆ, ತೊಳೆಯಲು ಜಾಗ ಇಲ್ಲ. ಅಮ್ಮನಿಗೆ ಶೌಚಕ್ಕೆ ಹೋಗಬೇಕು, ಹೋಟೆಲ್ ಹುಡುಕಬೇಕು. ಲಗೇಜೆಲ್ಲ ಕಾರಿನಲ್ಲಿ, ಕಣ್ಣು ಅದರ ಮೇಲೆ. ಬರೀ ದೇವಸ್ಥಾನ, ಅರಮನೆ ನೋಡುವ ಪ್ರವಾಸದಲ್ಲಿ ಊರು ಬದಲಿಸಿದರೆ ನಡೆಯುತ್ತದೆ, ಯಾಕೆಂದರೆ ಅಲ್ಲಿ ಮೈ ಒದ್ದೆಯಾಗುವುದಿಲ್ಲ. ಬೀಚಿನ ಪ್ರವಾಸಕ್ಕೆ ನೀರಿನ ಹತ್ತಿರ ಒಂದು ಬಚ್ಚಲು ಬೇಕೇ ಬೇಕು, ಅದು ಬೆಳಿಗ್ಗೆಯಿಂದ ರಾತ್ರಿವರೆಗೂ ನಿಮ್ಮದಾಗಿರಬೇಕು.

ಆದ್ದರಿಂದ ಒಂದೇ ಊರು, ಒಂದೇ ರೂಮು. ಯಾವ ಊರು ಅಂದರೆ, ಎರಡೇ ದಿನಕ್ಕೆ, ಅಮ್ಮನೂ ಮಗುವೂ ಜೊತೆಗಿದ್ದರೆ, ನಾನು ಮಂಗಳೂರು ಅನ್ನುತ್ತೇನೆ. ಮಧ್ಯಾಹ್ನದ ಸೆಕೆಯಲ್ಲಿ ನೋಡಲು ಊರಿದೆ, ಬೆಳಿಗ್ಗೆ ಸಂಜೆ ಹೋಗಲು ಬೀಚಿದೆ, ಹೆಚ್ಚುಕಡಿಮೆ ಆದರೆ ಒಳ್ಳೆಯ ಆಸ್ಪತ್ರೆಗಳಿವೆ. ಕಾರು ಬಿಡಿ, ರಾತ್ರಿ ರೈಲಿನಲ್ಲಿ ಹೋಗಿ. ಅಮ್ಮ ಮಲಗಿಕೊಂಡು ಬರುತ್ತಾರೆ, ನೀವೂ ಮಲಗಿರುತ್ತೀರಿ. ಸೆಂಟ್ರಲ್ ಸ್ಟೇಷನ್‌ವರೆಗೆ ಹೋಗುವ ರೈಲು ಸಿಕ್ಕರೆ ಊರಿನ ನಡುಭಾಗ ಹಂಪನಕಟ್ಟೆ ಅಲ್ಲೇ ಪಕ್ಕ. (ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆವರೆಗಿನ 55 ಕಿ.ಮೀ. ಘಾಟಿ, 57 ಸುರಂಗ ನೋಡಲು ಹಗಲು ರೈಲೇ ಬೇಕು, ಅದು ಬಹಳ ಸೊಗಸು. ಆದರೆ ಅದಕ್ಕೊಂದು ಹಗಲು ಪೂರ್ತಿ ಹೋಗುತ್ತದೆ, ರಜೆ ಜಾಸ್ತಿ ಇದ್ದಾಗ ಇಟ್ಟುಕೊಳ್ಳಿ.)

ರೂಮನ್ನು ಶುಕ್ರವಾರ ರಾತ್ರಿಯಿಂದಲೇ ಬುಕ್ ಮಾಡಿ. ಶನಿವಾರ ಬೆಳಿಗ್ಗೆ ಬರುತ್ತೇವೆ, ರೂಮು ಬೇರೆಯವರಿಗೆ ಕೊಡಬೇಡಿ ಅಂತ ಫೋನ್ ಮಾಡಿ ಹೇಳಿ. ಮಲಗದ ರಾತ್ರಿಗೆ ಬಾಡಿಗೆ ಯಾಕೆ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು, ಆ ಬಾಡಿಗೆ ಉಳಿಸಲು ಹೋಗಿಯೇ ಇಷ್ಟೆಲ್ಲ ಆಗಿದ್ದು. ರೈಲಿಳಿದು ಏಳು ಗಂಟೆಗೆ ಸ್ನಾನ ಆದರೆ ಇಡೀ ದಿನ ನಿಮ್ಮದು. ಭಾನುವಾರ ಹೊರಡುವವರೆಗೂ ಕೀ ನಿಮ್ಮ ಹತ್ತಿರವೇ ಇರಲಿ. ಕೆಲವು ಲಾಡ್ಜ್‌ಗಳಲ್ಲಿ 24 ಗಂಟೆಯ ಲೆಕ್ಕ ಇರುತ್ತದೆ, ಕೆಲವರು ಅರ್ಧ ಬಾಡಿಗೆಗೆ ಸಂಜೆವರೆಗೆ ಬಿಡುತ್ತಾರೆ. ಬುಕ್ ಮಾಡುವಾಗಲೇ ಕೇಳಿ.

ನಾವು ಆಮೇಲೆ ಅತ್ತೆಯನ್ನು ಕರೆದುಕೊಂಡು ಹೋದದ್ದು ಹೀಗೆಯೇ. ಬೆಳಿಗ್ಗೆ ಕದ್ರಿ. ಅಲ್ಲಿ ಕ್ರಿ.ಶ. 968ರ ಲೋಕೇಶ್ವರನ ಕಂಚಿನ ಮೂರ್ತಿ ಇದೆ, ಅತ್ತೆ ಅದರ ಮುಂದಿನಿಂದ ಏಳಲೇ ಇಲ್ಲ. ಆಮೇಲೆ ಅಲೋಶಿಯಸ್ ಕಾಲೇಜಿನ ಚಾಪೆಲ್. ಇಟಲಿಯ ಆಂಟೋನಿಯೊ ಮೊಸ್ಕೇನಿ ಗೋಡೆ, ಚಾವಣಿ ತುಂಬ ಬರೆದ ಚಿತ್ರಗಳು ಅಲ್ಲಿವೆ. ತೆರೆದಿರುವ ಹೊತ್ತು ಕೇಳಿಕೊಂಡು ಹೋಗಿ. ಮಧ್ಯಾಹ್ನ ಊಟ, ನಿದ್ದೆ. ನೀವು ಮೀನು ತಿನ್ನುವವರಾದರೆ ಕಾಣೆ ಮೀನಿನ ಫ್ರೈ, ಇಲ್ಲವಾದರೆ ನೀರ್ ದೋಸೆ, ಗೋಳಿಬಜೆ, ಕೊನೆಗೆ ಗಡ್‌ಬಡ್ ಐಸ್‌ಕ್ರೀಂ. ಮಗನಿಗೆ ಅದು ಸಾಕು.

ಸಂಜೆ ಬೇಗ ಸುಲ್ತಾನ್ ಬತ್ತೇರಿಗೆ ಹೋಗಿ. ಯುದ್ಧದ ಹಡಗುಗಳು ಗುರುಪುರ ನದಿಗೆ ನುಗ್ಗದಂತೆ ತಡೆಯಲು ಟಿಪ್ಪು 1784ರಲ್ಲಿ ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ ಕಾವಲು ಬುರುಜು ಅದು. ಅಲ್ಲಿಂದ ದೋಣಿಯಲ್ಲಿ ನದಿ ದಾಟಿದರೆ ತಣ್ಣೀರುಬಾವಿ ಬೀಚು. ದೋಣಿ ನಡೆಯುತ್ತಿದೆಯಾ ಅಂತ ಮೊದಲೇ ವಿಚಾರಿಸಿ, ಅಮ್ಮನಿಗೆ ಕಷ್ಟ ಅನ್ನಿಸಿದರೆ ರಸ್ತೆಯಲ್ಲೂ ಹೋಗಬಹುದು. ಬೀಚಿನ ಹಿಂದೆ ಮರಗಳ ನೆರಳಿದೆ, ಅಮ್ಮ ಅಲ್ಲಿ ಕೂರಬಹುದು. ಅತ್ತೆ ಅಲ್ಲಿಯೇ ಕೂತು ಸೂರ್ಯ ಇಳಿಯುವುದನ್ನು ಪೂರ್ತಿ ನೋಡಿದರು. ಆಮೇಲೆ ಫೋನಿನಲ್ಲಿ ತಂಗಿಗೆ ಬಹಳ ಹೊತ್ತು ಅದನ್ನೇ ಹೇಳುತ್ತಿದ್ದರು.

ಭಾನುವಾರ ಬೆಳಿಗ್ಗೆ ಆರಕ್ಕೇ ಪಣಂಬೂರು. ಮಗ ನೀರಾಡಲಿ, ಒಂಬತ್ತಕ್ಕೆ ರೂಮಿಗೆ ಬಂದು ಸ್ನಾನ. ಜೀವರಕ್ಷಕರು ಹೇಳಿದ ಕಡೆ ಮಾತ್ರ ಇಳಿಯಿರಿ. ಮಂಗಳೂರಿನ ಹತ್ತಿರದ ಸೋಮೇಶ್ವರ ಬೀಚಿನ ಬಂಡೆಗಳು ನೋಡಲು ಚೆಂದ, ಆದರೆ ಅಲ್ಲಿ ಸೆಳೆತ ಜಾಸ್ತಿ, ಮಗುವನ್ನು ನೀರಿಗೆ ಬಿಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಬೀಚಿನಲ್ಲೂ ಬಿಡಬೇಡಿ. ಆಗ ಮಲ್ಪೆಯಿಂದ ದ್ವೀಪಕ್ಕೆ ದೋಣಿಯೂ ಇರುವುದಿಲ್ಲ.

ದ್ವೀಪ ಬೇಕೇ ಬೇಕು ಅಂದರೆ ಮಂಗಳೂರು ಬಿಟ್ಟು ಮಲ್ಪೆಯಲ್ಲೇ ಉಳಿಯಿರಿ. ಬೆಳಗಿನ ಮೊದಲ ದೋಣಿ ಹಿಡಿಯಿರಿ, ಸಂಜೆ ಕಾಪು ಬೀಚಿಗೆ ಹೋಗಿ. ಅಲ್ಲಿನ ದೀಪಸ್ತಂಭ 1901ರದ್ದು. ಅದೂ ಒಳ್ಳೆಯ ಪ್ರವಾಸವೇ. ಎರಡನ್ನೂ ಸೇರಿಸಬೇಡಿ. ಗೋಕರ್ಣಕ್ಕೆ ಬೇರೆಯೇ ರಜೆ ಹಾಕಿ. ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಗೋಕರ್ಣ ರೋಡಿನಲ್ಲಿ ಇಳಿಯಬಹುದು. ಓಂ ಬೀಚು, ಕುಡ್ಲೆ ಬೀಚು ಎಲ್ಲ ಹತ್ತಿ ಇಳಿಯುವ ದಾರಿ, ಅಮ್ಮನಿಗಿಂತ ನಿಮಗೇ ಅದು ಸರಿ.

ಇನ್ನು ಮುರುಡೇಶ್ವರದ ಮುಂಗಡ. ರದ್ದು ಮಾಡಿ. ದುಡ್ಡು ವಾಪಸು ಬರದಿದ್ದರೂ ಪರವಾಗಿಲ್ಲ, ಇವತ್ತೇ ರದ್ದು ಮಾಡಿ, ಇಲ್ಲದಿದ್ದರೆ ಕಟ್ಟಿದ ದುಡ್ಡಿಗೋಸ್ಕರ ಅಮ್ಮನನ್ನು ಅಲ್ಲಿಯವರೆಗೆ ಎಳೆದುಕೊಂಡು ಹೋಗುತ್ತೀರಿ.